ಮುಂದಿನ ವರ್ಷದ ಅಳತೆ

ಎರಡಿಂಚು ಮಾಸ್ತರು ಎಂಬ ಹೆಸರು ಹೆತ್ತವರು ಇಟ್ಟದ್ದಲ್ಲ, ಗಿರಾಕಿಗಳು ಇಟ್ಟದ್ದು. ಮಕ್ಕಳ ಬಟ್ಟೆ ಹೊಲಿಸಲು ಯಾರೇ ಬರಲಿ, ಮಾಸ್ತರು ಮಗುವನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಮೇಲಿನಿಂದ ಕೆಳಗೆ ಒಮ್ಮೆ ನೋಡಿ, “ಬೆಳೆಯೋ ಮಗು. ಎರಡಿಂಚು ಬಿಟ್ಟು ಹೊಲೀತೀನಿ” ಎಂದು ತೀರ್ಪು ಕೊಡುತ್ತಿದ್ದರು. ಆ ಎರಡಿಂಚನ್ನು ತೋಳಿನ ತುದಿಯಲ್ಲಿ, ಅಂಚಿನಲ್ಲಿ, ಪಕ್ಕದ ಹೊಲಿಗೆಯ ಒಳಗೆ ಯಾರಿಗೂ ಸುಳಿವು ಸಿಗದಂತೆ ಮಡಿಸಿಡುವುದೇ ಅವರ ವಿದ್ಯೆ. ಅದರ ಮೇಲೆ “ಸ್ವಲ್ಪ ದೊಗಳೆ ಇರ್ಲಿ, ಗಾಳಿ ಆಡುತ್ತೆ” ಎಂದು ಇನ್ನೊಂದಿಷ್ಟು. ಮಗು ಬೆಳೆದ ಹಾಗೆ ಮಡಿಕೆ ಬಿಚ್ಚಿಕೊಂಡು ಹೋದರಾಯಿತು. ಅಣ್ಣನಿಗೆ ಹೊಲಿಸಿದ ಅಂಗಿಯಲ್ಲಿ ತಮ್ಮನ ಶಾಲೆಯೂ ಮುಗಿಯುತ್ತಿತ್ತು. ತಾಯಂದಿರು ಮಾಸ್ತರನ್ನು ಬಾಯಿ ತುಂಬ ಹರಸುತ್ತಿದ್ದರು. ಅಂಗಿಯ ಒಳಗಿದ್ದ ಮಕ್ಕಳ ಅಭಿಪ್ರಾಯವನ್ನು ಮಾತ್ರ ಯಾರೂ ಕೇಳಿರಲಿಲ್ಲ. ಮಕ್ಕಳಿಗೆ ಅಭಿಪ್ರಾಯ ಬರುವ ಹೊತ್ತಿಗೆ ಅವರೇ ತಮ್ಮ ಬಟ್ಟೆ ಕೊಳ್ಳುವಷ್ಟು ದೊಡ್ಡವರಾಗಿರುತ್ತಿದ್ದರು.

ಬೀಗದ ಕೈ ಮಾಡುವವನ ಅಂಗಡಿಗೂ ಮದುವೆ ಕಾರ್ಡು ಅಚ್ಚು ಹಾಕುವ ಅಂಗಡಿಗೂ ನಡುವೆ ಸಿಕ್ಕಿಹಾಕಿಕೊಂಡ ಕೋಣೆ ಅವರದು. ಒಂದು ಹೊಲಿಗೆ ಮಿಷನ್ನು, ಬಟ್ಟೆ ಕತ್ತರಿಸುವ ಮೇಜು, ಮೂಲೆ ಒಡೆದ ನಿಲುಗನ್ನಡಿ, ಪರದೆ ಎಳೆದರೆ ಟ್ರಯಲ್ ರೂಮು, ಎಳೆಯದಿದ್ದರೆ ಉಗ್ರಾಣ. ಗಿರಾಕಿಗಳು ಕೂರಲು ಒಂದು ಕುಂಟು ಸ್ಟೂಲು. ಅದರ ಒಂದು ಕಾಲು ಗಿಡ್ಡ. ಕೂತವರು ತಮಗೆ ಗೊತ್ತಿಲ್ಲದೆಯೇ ತೂಗಲು ಶುರುಮಾಡುತ್ತಿದ್ದರು. “ಮುಂದಿನ ವರ್ಷ ಸರಿಮಾಡಿಸೋಣ” ಎಂದು ಮಾಸ್ತರು ಹೇಳಿ ಬಹಳ ಕಾಲವಾಗಿತ್ತು. ಬಾಗಿಲ ಬಳಿ ಕೂತು ಗುಂಡಿ ತೂತುಗಳಿಗೆ ದಾರ ಸುತ್ತುವ ಮುದುಕನನ್ನು ಎಲ್ಲರೂ ಕಾಜಾ ಮಾಮ ಎನ್ನುತ್ತಿದ್ದರು. ಮಾಸ್ತರಿಗೆ ಬುದ್ಧಿ ಹೇಳುವುದು ಆತನ ಕೆಲಸವಲ್ಲ. ಆದರೂ ಕಾಜಾ ಹಾಕುತ್ತ ಹಾಕುತ್ತ ಅದನ್ನೂ ಮಾಡುತ್ತಿದ್ದ.

ಮುಂದಿನ ವರ್ಷ ಎನ್ನುವುದು ಮಾಸ್ತರ ಬದುಕಿನ ಖಾಯಂ ವಿಳಾಸ. ದೊಡ್ಡ ಮನೆಗೆ ಹೋಗುವುದು ಮುಂದಿನ ವರ್ಷ, ಸಮುದ್ರ ನೋಡಲು ಹೋಗುವುದು ಮುಂದಿನ ವರ್ಷ, ಭಾನುವಾರ ಅಂಗಡಿ ಮುಚ್ಚುವುದು ಮುಂದಿನ ವರ್ಷ. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಿದ್ದ ಅವರ ಹೆಂಡತಿ ಕೆಲವು ವರ್ಷ ಇದನ್ನು ನಂಬಿದರು, ಕೆಲವು ವರ್ಷ ಸಹಿಸಿದರು. ಕೊನೆಗೊಂದು ದಿನ, “ನಿಮ್ ಜೊತೆ ಬಾಳೋದು ಅಂದ್ರೆ ರೈಲೇ ನಿಲ್ಲದ ಸ್ಟೇಷನ್ನಲ್ಲಿ ಟಿಕೆಟ್ ಹಿಡ್ಕೊಂಡು ಕೂತಂಗೆ” ಎಂದು ಹೇಳಿ, ಆರು ವರ್ಷದ ಮಗಳ ಕೈ ಹಿಡಿದು ಎದ್ದರು. ಜಗಳವಿರಲಿಲ್ಲ, ಹೊಡೆತವಿರಲಿಲ್ಲ, ಮೂರನೆಯವರಿರಲಿಲ್ಲ. ಇದ್ದದ್ದು ಸಣ್ಣ ಸಣ್ಣ ನೂಲುಗಳು. ಒಂದೊಂದೇ ಬಿಟ್ಟುಕೊಂಡವು, ಅಷ್ಟೆ.

ವಿಚ್ಛೇದನದ ಕರಾರು ಬರೆಯುವಾಗ ಮಾಸ್ತರು ಒಂದು ತಪ್ಪು ಮಾಡಿದರು. ಅದು ದರ್ಜಿಯಲ್ಲದೆ ಬೇರೆ ಯಾರೂ ಮಾಡದ ತಪ್ಪು. ಮಗಳ ಜೀವನಾಂಶಕ್ಕೆ ಇಂತಿಷ್ಟು ಎಂದು ಒಪ್ಪಿದರು. ಆಮೇಲೆ ಎದ್ದು ನಿಂತು, “ಬಟ್ಟೆಗೆ ಅಂತ ಯಾಕೆ ದುಡ್ಡು? ಹದಿನೆಂಟು ತುಂಬೋವರೆಗೂ ಅವಳ ಬಟ್ಟೆ ಎಲ್ಲಾ ನಾನೇ ಹೊಲಿದು ಕೊಡ್ತೀನಿ, ಬರ್ಕೊಳ್ಳಿ” ಎಂದರು. ಹಣ ಅಷ್ಟು ಕಡಿಮೆಯಾಯಿತು, ಷರತ್ತು ಒಂದು ಹೆಚ್ಚಾಯಿತು. “ಮಗೂನ ನೋಡೋಕೆ ವಾರಕ್ಕೊಂದು ದಿನ ಬೇಕಲ್ವಾ?” ಎಂದು ವಕೀಲರು ಕೇಳಿದ್ದರು. ಮಾಸ್ತರು ಆ ಮಾತನ್ನು ತಳ್ಳಿಹಾಕಿಬಿಟ್ಟರು. “ಅದನ್ನೇನು ಬರೆಯೋದು ಸಾರ್, ಬಟ್ಟೆ ಹೊಲಿಸೋಕೆ ಬಂದೇ ಬರ್ತಾಳಲ್ಲ!”

ಹೀಗೆ ಅಪ್ಪ ಮಗಳ ಸಂಬಂಧವೆಲ್ಲ ಒಂದು ಹೊಲಿಗೆಯ ಮೇಲೆ ನಿಂತಿತು.

ಮದುವೆಯಾಗಿದ್ದಷ್ಟು ದಿನ ಹೆಂಡತಿಯನ್ನು ‘ನೀನು’ ಎನ್ನುತ್ತಿದ್ದ ಮಾಸ್ತರು, ತೀರ್ಪು ಬಂದ ದಿನ ಕೋರ್ಟಿನ ಮೆಟ್ಟಿಲ ಮೇಲೆ ‘ನೀವು’ ಎಂದುಬಿಟ್ಟರು. ಸಂಸಾರದಲ್ಲಿ ಸಿಗದ ಮರ್ಯಾದೆ ವಿಚ್ಛೇದನದಲ್ಲಿ ಸಿಕ್ಕಿತು ಎಂದು ಆಕೆ ಗೆಳತಿಯರ ಹತ್ತಿರ ಹೇಳಿಕೊಂಡು ನಕ್ಕರಂತೆ.

ಮೊದಮೊದಲು ಮಗಳು ಬರುವ ದಿನವೆಂದರೆ ಅಂಗಡಿಗೆ ಅರ್ಧ ರಜೆ. ಅವಳು ಕುಂಟು ಸ್ಟೂಲಿನ ಮೇಲೆ ಕುದುರೆ ಸವಾರಿ ಮಾಡುವಳು. ಮಾಸ್ತರು ಟೇಪು ಹಿಡಿದು ಅವಳ ತೋಳು, ಬೆನ್ನು, ಮೂಗು, ಕಿವಿ ಎಲ್ಲವನ್ನೂ ಅಳೆಯುವರು. “ನಗು ಎಷ್ಟಿಂಚಪ್ಪಾ?” ಎಂದು ಅವಳು ಬಾಯಿ ಅಗಲಿಸಿದರೆ, “ಟೇಪು ಸಾಲ್ದು, ಇನ್ನೊಂದು ತರಿಸ್ಬೇಕು” ಎನ್ನುವರು. ಬೇರೆ ಮಕ್ಕಳಿಗೆ ಎರಡಿಂಚಾದರೆ ಮಗಳ ಬಟ್ಟೆಯಲ್ಲಿ ಮೂರು, ಕೆಲವು ಸಲ ನಾಲ್ಕು. ಪ್ರೀತಿ ಎಷ್ಟೋ ಮಡಿಕೆಯೂ ಅಷ್ಟು ಎಂಬ ಲೆಕ್ಕ ಅವರದು.

ಹೀಗಿರುವಾಗ ಒಂದು ವರ್ಷ, ಟೇಪು ಹತ್ತಿರ ಹೋದದ್ದೇ ತಡ, ಮಗಳು ಭುಜ ಕುಗ್ಗಿಸಿ ಒಂದು ಹೆಜ್ಜೆ ಹಿಂದೆ ಸರಿದಳು. ಹುಡುಗಿ ದೊಡ್ಡವಳಾಗುತ್ತಿದ್ದಳು. ಮಾಸ್ತರಿಗೆ ಅರ್ಥವಾಯಿತು. ಅರ್ಥವಾದದ್ದನ್ನು ತೋರಿಸಿಕೊಳ್ಳಲು ನಾಚಿಕೆಯಾಗಿ ಟೇಪನ್ನು ಕುತ್ತಿಗೆಗೆ ಹಾಕಿಕೊಂಡು, “ನನಗ್ಯಾಕಮ್ಮ ಟೇಪು? ಇಷ್ಟು ವರ್ಷದ ಕೈ. ಕಣ್ಣಳತೆ ಸಾಕು” ಎಂದರು. ಇಬ್ಬರಿಗೂ ಉಸಿರು ಬಂತು. ಅಂದಿನಿಂದ ಮಗಳು ಬಂದು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂರುವುದು, ಮಾಸ್ತರು ದೂರದಿಂದ ನೋಡುವುದು.

“ಊಟ ಆಯ್ತಾ?”

“ಹ್ಞೂಂ.”

“ಓದ್ತಿದೀಯಾ?”

“ಹ್ಞೂಂ.”

“ಹಾಗಾದ್ರೆ ಸ್ವಲ್ಪ ದೊಡ್ಡದಾಗೇ ಹೊಲೀತೀನಿ.”

ಎಂಥ ಬಟ್ಟೆ ಬೇಕು, ಯಾವ ಬಣ್ಣ, ಎಷ್ಟು ಉದ್ದ ಎಂದು ಕೇಳಬಹುದಿತ್ತು. ಆದರೆ ಕೇಳಿದರೆ ಕಣ್ಣಳತೆಗೇನು ಬೆಲೆ?

ಮಗಳಿಗೆ ಹದಿನಾಲ್ಕಾದ ವರ್ಷ, ಶಾಲೆಗಳು ತೆರೆಯುವ ಮುನ್ನ ಕೆಲಸ ಕುತ್ತಿಗೆಯವರೆಗೆ ಬಂದಿದ್ದಾಗ, ಕೋರ್ಟಿನ ನೋಟೀಸು ಬಂತು. ಮಗಳ ತಾಯಿ ಅರ್ಜಿ ಹಾಕಿದ್ದರು. ಬಟ್ಟೆ ಹೊಲಿಯುವ ಷರತ್ತನ್ನು ತೆಗೆದುಹಾಕಬೇಕು, ಅದರ ಬದಲಿಗೆ ತಿಂಗಳ ಜೀವನಾಂಶವನ್ನು ಹೆಚ್ಚಿಸಬೇಕು. ಕಾರಣ: ಮಗು ಬೆಳೆದಿದ್ದಾಳೆ.

ಮಾಸ್ತರು ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದರು. “ಮಗು ಬೆಳೀತಾಳೆ ಅಂತ ನನಗೆ ಇವರು ಹೇಳಿಕೊಡ್ಬೇಕಾ? ಎಂಟು ವರ್ಷದಿಂದ ಪ್ರತಿ ಅಂಚಿನಲ್ಲೂ ಅದನ್ನೇ ಹೊಲಿದಿಟ್ಟಿದ್ದೀನಿ!”

“ಹೊಲಿದಿಟ್ರಿ ಸರಿ. ಬಿಚ್ಚಿ ನೋಡಿದ್ರಾ?” ಎಂದ ಕಾಜಾ ಮಾಮ, ದಾರ ಕಚ್ಚುತ್ತ.

ವಕೀಲರು ಮಾಸ್ತರ ಹಳೆಯ ಗಿರಾಕಿ. ಅವರ ಕರಿ ಕೋಟಿನಲ್ಲೂ ಮಾಸ್ತರು ಎರಡಿಂಚು ಬಿಟ್ಟಿದ್ದರು. ವಕೀಲರ ಹೊಟ್ಟೆ ಅದನ್ನು ಎಂದೋ ಬಳಸಿಕೊಂಡು ಮುಂದಿನ ವಾಯಿದೆ ಕೇಳುತ್ತಿತ್ತು.

“ನೋಡಿ ಮಾಸ್ತರೇ, ಗಂಡ ಹೆಂಡ್ತಿ ನಡುವಿನ ತೀರ್ಪು ಮುಗೀತು ಅಂದ್ರೆ ಮುಗೀತು. ಮಗುವಿನ ಪಾಲಿಂದು ಹಾಗಲ್ಲ. ಪರಿಸ್ಥಿತಿ ಬದಲಾಯ್ತು ಅಂತ ಯಾರಾದ್ರೂ ತೋರಿಸಿದ್ರೆ ಕೋರ್ಟು ಅದನ್ನ ಬಿಚ್ಚಿ ಮತ್ತೆ ಹೊಲೀಬಹುದು.”

“ಅಂದ್ರೆ ಕಾನೂನಿನವರೂ ಎರಡಿಂಚು ಬಿಟ್ಟಿರ್ತಾರೆ ಅನ್ನಿ.”

“ಬಿಟ್ಟಿರ್ತಾರೆ. ಈಗ ನಿಮ್ಮ ಕಷ್ಟ ಏನು? ದುಡ್ಡು ಜಾಸ್ತಿ ಆಗುತ್ತೆ ಅಂತಾನಾ?”

“ದುಡ್ಡು ಬೇಕಾದ್ರೆ ಕೇಳಿದಷ್ಟೂ ಕೊಡ್ತೀನಿ ಸಾರ್. ಷರತ್ತು ಮಾತ್ರ ತೆಗೀಬಾರದು.”

ವಕೀಲರು ಪೆನ್ನು ಕೆಳಗಿಟ್ಟರು. “ನನ್ನ ಸರ್ವೀಸಲ್ಲಿ ಕಡಿಮೆ ಮಾಡಿಸಿ ಅಂತ ಅಳೋರನ್ನ ನೋಡಿದ್ದೀನಿ. ದುಡ್ಡೂ ಕೊಡ್ತೀನಿ, ಕೂಲಿನೂ ಮಾಡ್ತೀನಿ ಅನ್ನೋರನ್ನ ಇವತ್ತೇ ನೋಡಿದ್ದು. ಯಾಕೆ?”

ಮಾಸ್ತರು ಟೇಪಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. “ಆ ಷರತ್ತು ಹೋದ್ರೆ ಅವಳು ಅಂಗಡಿಗೆ ಯಾಕೆ ಬರ್ತಾಳೆ ಸಾರ್?”



ವಿಚಾರಣೆ ನಡೆದದ್ದು ನ್ಯಾಯಾಧೀಶರ ಕೋಣೆಯಲ್ಲಿ. ಉದ್ದ ಮೇಜು, ಗೋಡೆಗೆ ಒರಗಿಸಿದ ಕಡತಗಳು, ಗಡಗಡ ಎನ್ನುವ ಫ್ಯಾನು. ಮಗಳು ಎಲ್ಲರಿಗಿಂತ ಮೊದಲೇ ಬಂದು ಕುರ್ಚಿಯಲ್ಲಿ ಕೂತಿದ್ದಳು. ಮಾಸ್ತರ ಕಣ್ಣು ಮೊದಲು ಹೋದದ್ದು ಅವಳ ಅಂಗಿಗೆ. ಅಂಗಡಿಯಲ್ಲಿ ಕೊಂಡದ್ದು. ಕಾಲರು ಒಂದು ಕಡೆಗೆ ವಾಲಿತ್ತು, ಜೇಬಿನ ಮೂಲೆಯಲ್ಲಿ ನೂಲು ನೇತಾಡುತ್ತಿತ್ತು. ಇಂಥದನ್ನು ಹೊಲಿದವನ ಕೈಯಿಂದ ಸೂಜಿ ಕಸಿದುಕೊಳ್ಳಬೇಕು ಎಂದುಕೊಂಡರು. ಆಮೇಲೆ ಇನ್ನೊಂದು ವಿಷಯ ಕಾಣಿಸಿತು. ಅಂಗಿ ಅವಳ ಮೈಗೆ ಸರಿಯಾಗಿ ಕೂತಿತ್ತು.

ತಾಯಿ ಒಂದು ಸೂಟ್‌ಕೇಸು ತಂದಿದ್ದರು. ನ್ಯಾಯಾಧೀಶೆ ಅದನ್ನು ತೆರೆಸಿದರು. ಎಂಟು ವರ್ಷದ ಬಟ್ಟೆಗಳು, ಒಂದರ ಮೇಲೊಂದು, ಹೊಸವುಗಳಂತೆ. ಒಂದು ನೀಲಿ ಫ್ರಾಕನ್ನು ಎತ್ತಿ, ಒಳಗು ಹೊರಗು ಮಾಡಿ ನೋಡಿ, “ಕೈ ಕೆಲಸ ತುಂಬಾ ಚೆನ್ನಾಗಿದೆ. ನನ್ನ ಟೈಲರು ಇದರ ಅರ್ಧ ಹೊಲಿದ್ರೂ ಸಾಕಿತ್ತು” ಎಂದರು. ಮಾಸ್ತರು ಕೇಸು ಗೆದ್ದೆ ಎಂದುಕೊಂಡು ವಕೀಲರ ಕಡೆ ನೋಡಿದರು. ವಕೀಲರು ಹುಡುಗಿಯ ಕಡೆ ನೋಡುತ್ತಿದ್ದರು.

“ಇವನ್ನ ನೀನು ಹಾಕ್ಕೊಂಡೇ ಇಲ್ವಾ?” ನ್ಯಾಯಾಧೀಶೆ ಕೇಳಿದರು.

“ಹಾಕ್ಕೊಂಡಿದೀನಿ ಮೇಡಂ. ಅಪ್ಪ ಚೆನ್ನಾಗಿ ಹೊಲೀತಾನೆ.” ಮಗಳ ದನಿ ಮೇಜಿಗೆ ಹೇಳಿದ ಹಾಗಿತ್ತು. “ಆದ್ರೆ ಅವು ನನ್ನ ಬಟ್ಟೆ ಅಲ್ಲ.”

“ಮತ್ಯಾರದು?”

“ಮುಂದಿನ ವರ್ಷದವಳದು. ಅಪ್ಪ ಯಾವಾಗ್ಲೂ ಅವಳಿಗೇ ಹೊಲಿಯೋದು. ಮುಂದಿನ ವರ್ಷ ಬಂದಾಗ ಇದು ಹಳೇದಾಗಿರುತ್ತೆ, ಅಪ್ಪ ಅಷ್ಟರಲ್ಲಿ ಇನ್ನೂ ದೊಡ್ಡದು ಹೊಲಿದಿರ್ತಾನೆ. ಶಾಲೇಲಿ ನನ್ನ ಡೇರೆ ಅಂತಾರೆ. ಒಳಗೆ ಎಷ್ಟು ಜನ ಇದೀರ ಅಂತ ಕೇಳ್ತಾರೆ.” ಅವಳು ಜೇಬಿನ ಮೂಲೆಯ ನೂಲನ್ನು ಬೆರಳಿಗೆ ಸುತ್ತಿದಳು. “ಅಪ್ಪಂಗೆ ಹೇಳೋಣ ಅಂತ ಎಷ್ಟೋ ಸಲ ಹೋಗಿದೀನಿ. ಅವನು ಊಟ ಆಯ್ತಾ ಅಂತ ಕೇಳ್ತಾನೆ. ಆಮೇಲೆ ನೋಡ್ತಾನೆ. ಆಮೇಲೆ ಆಯ್ತು, ಹೋಗು ಅಂತಾನೆ.”

ಫ್ಯಾನು ಗಡಗಡ ಎಂದಿತು. ಮಾಸ್ತರು ಆ ನೀಲಿ ಫ್ರಾಕನ್ನು ನೋಡಿದರು. ಅಂಚಿನ ಮಡಿಕೆ ಹೊಲಿದ ದಿನ ಹೇಗಿತ್ತೋ ಹಾಗೇ ಇತ್ತು. ಯಾರಿಗೂ ಅದನ್ನು ಬಿಚ್ಚುವ ಪ್ರಮೇಯವೇ ಬಂದಿರಲಿಲ್ಲ. ಸಮುದ್ರ, ದೊಡ್ಡ ಮನೆ, ಭಾನುವಾರ, ಎಲ್ಲವೂ ಆ ಮಡಿಕೆಯೊಳಗೇ ಇದ್ದವು.

“ನಿಮ್ಮದೇನಾದ್ರೂ ಹೇಳೋದಿದೆಯಾ?” ನ್ಯಾಯಾಧೀಶೆ ಕೇಳಿದರು.

ವಕೀಲರು ಎದ್ದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮಾಸ್ತರು ಅವರ ಕೋಟಿನ ತುದಿ ಹಿಡಿದು ಕೂರಿಸಿದರು. “ತೆಗೆದುಬಿಡಿ ಮೇಡಂ. ದುಡ್ಡು ಎಷ್ಟು ಅಂತ ನೀವೇ ಬರೀರಿ.”

“ಮಗಳನ್ನ ನೋಡೋಕೆ ಅಂತ ದಿನ ಏನಾದ್ರೂ ಗೊತ್ತು ಮಾಡ್ಲಾ?”

ಈ ಪ್ರಶ್ನೆಯನ್ನು ಎಂಟು ವರ್ಷದ ಹಿಂದೆ ವಕೀಲರೂ ಕೇಳಿದ್ದರು. ಆಗ ಮಗಳು ಓಡಿ ಬರುತ್ತಿದ್ದಳು. ಈಗ ಆಜ್ಞೆ ಬರೆಸಿ ಕರೆಸಿಕೊಂಡರೆ, ಅದು ಇನ್ನೊಂದು ದೊಗಳೆ ಅಂಗಿಯಲ್ಲವೆ?

“ಬೇಡ ಮೇಡಂ,” ಎಂದರು. “ಅವಳಿಗೆ ಬರ್ಬೇಕು ಅನ್ನಿಸಿದಾಗ ಬರ್ಲಿ.”

ಆಜ್ಞೆ ತಿದ್ದುಪಡಿಯಾಯಿತು. ಮಗಳು ಬೇಗ ಬೇಗ ಹೊರಗೆ ಹೋಗಿ ಮೊಗಸಾಲೆಯ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಳು. ತಾಯಿ ಸೂಟ್‌ಕೇಸು ಮುಚ್ಚುತ್ತ, ಮಾಸ್ತರು ಸುಮ್ಮನೆ ನಿಂತದ್ದನ್ನು ನೋಡಿ, “ಅವಳಿಗೆ ನಿಮ್ಮ ಮೇಲೆ ಕೋಪ ಇಲ್ಲ” ಎಂದರು.

“ಗೊತ್ತು.”

“ಮುಂದಿನ ತಿಂಗಳು ಚರ್ಚಾಸ್ಪರ್ಧೆ ಇದೆ. ಶಾಲೆ ಕಡೆಯಿಂದ ಹೋಗ್ತಿದಾಳೆ. ಕರಿ ಕೋಟು ಬೇಕಂತೆ. ನಾಳೆ ಕೊಡಿಸ್ಬೇಕು ಅಂತಿದೀನಿ.”

ಮಾಸ್ತರ ಕಣ್ಣು ಮಿನುಗಿತು. “ನಾನು ಹೊಲಿದು ಕೊಡ್ಲಾ? ಷರತ್ತಿಗಲ್ಲ. ಸುಮ್ನೆ. ಈ ಸಲ ಈ ವರ್ಷದವಳಿಗೆ. ಒಂದು ನೂಲೂ ಹೆಚ್ಚು ಬಿಡಲ್ಲ.”

ಆಕೆ ಸೂಟ್‌ಕೇಸಿನ ಕೊಂಡಿ ಹಾಕಿದರು. “ಹಾಗಾದ್ರೆ ಹೋಗಿ ಅವಳನ್ನೇ ಕೇಳಿ. ಅಳತೆನೂ ತಗೊಳ್ಳಿ. ಅವಳೂ ಇಲ್ಲೇ ಇದಾಳೆ, ಟೇಪೂ ನಿಮ್ಮ ಕುತ್ತಿಗೇಲೇ ಇದೆ.”

ಕೋರ್ಟಿಗೂ ಟೇಪು ಹಾಕಿಕೊಂಡೇ ಬಂದಿದ್ದರು ಮಾಸ್ತರು. ಅಂಗಿ ಮರೆತರೂ ಅದನ್ನು ಮರೆಯುವವರಲ್ಲ. ಬೆಂಚಿನ ಕಡೆ ನೋಡಿದರು. ವಕೀಲರು, ಗುಮಾಸ್ತರು, ಬೇರೆ ಬೇರೆ ಮುರಿದ ಮನೆಗಳ ಜನ ಓಡಾಡುತ್ತಿದ್ದರು. ಇಷ್ಟು ಜನರೆದುರು ಟೇಪು ಹತ್ತಿರ ಹೋದಾಗ ಅವಳು ಮತ್ತೆ ಒಂದು ಹೆಜ್ಜೆ ಹಿಂದೆ ಸರಿದರೆ? “ಬೇಡ ಬಿಡಿ,” ಎಂದು ನಕ್ಕರು. “ಅರ್ಧ ಗಂಟೆ ಎದುರಿಗೇ ಕೂತಿದ್ದಳಲ್ಲ. ಕಣ್ಣಳತೆ ಆಗೋಗಿದೆ.”

“ಆ ಕಣ್ಣನ್ನ ಒಂದ್ಸಲ ನಮ್ಮ ಅಂಗಡಿಗೆ ತಂದು ತೋರಿಸ್ಕೊಳ್ಳಿ,” ಎಂದರು ಆಕೆ. “ಫೀಸು ತಗೊಳಲ್ಲ.”

ಆ ಕೋಟಿನಂಥ ಕೋಟನ್ನು ಮಾಸ್ತರು ಜನ್ಮದಲ್ಲಿ ಹೊಲಿದಿರಲಿಲ್ಲ. ಒಳ್ಳೆಯ ಬಟ್ಟೆ ಹುಡುಕಿ ತಂದರು. ಒಳಗಿನ ಅಸ್ತರಿಗೆ ಬೂದು ಬಣ್ಣದ ರೇಷ್ಮೆ. ಸೀಮೆಸುಣ್ಣದಿಂದ ಗೆರೆ ಎಳೆದು, ಗೆರೆಯ ಮೇಲೆಯೇ ಹೊಲಿದು, ಆಮೇಲೆ ಹೊಲಿಗೆಯ ಪಕ್ಕ ಉಳಿದ ಬಟ್ಟೆಯನ್ನು ಕಾಳಿನಷ್ಟು ಮಾತ್ರ ಬಿಟ್ಟು ಕತ್ತರಿಸಿ ಕೆಳಗೆ ಹಾಕಿದರು. ಕಾಜಾ ಮಾಮನ ಕೈ ನಿಂತಿತು.

“ಮಾಸ್ತರೇ, ಮೈ ಹುಷಾರಾಗಿದೆ ತಾನೆ? ಎರಡಿಂಚು?”

“ಬೇಡ.”

“ಒಂದಾದ್ರೂ?”

“ಬೇಡ ಅಂದೆನಲ್ಲ ಮಾಮ. ಅವಳಿಗೆ ಸರಿಯಾಗಿ ಆಗ್ಬೇಕು. ಅವಳಿಗೇ ಆಗ್ಬೇಕು.”

“ಅಳತೆ ತಗೊಂಡ್ರಾ?”

ಮಾಸ್ತರು ಮಿಷನ್ನು ಜೋರಾಗಿ ತುಳಿದರು. ಆ ಸದ್ದಿನಲ್ಲಿ ಪ್ರಶ್ನೆ ಕೇಳಿಸಲಿಲ್ಲ ಎಂದು ಇಬ್ಬರೂ ಒಪ್ಪಿಕೊಂಡ ಹಾಗಾಯಿತು. ಕಾಜಾ ಮಾಮ ಆ ಕೋಟಿಗೆ ಹಾಕಿದ ಕಾಜಾಗಳನ್ನು ನೋಡಿದರೆ ಗುಂಡಿಗಳಿಗೇ ಮದುವೆಯ ಆಸೆ ಹುಟ್ಟಬೇಕು, ಹಾಗಿದ್ದವು.

ಸ್ಪರ್ಧೆಯ ಹಿಂದಿನ ದಿನ, ಅಮ್ಮನಿಂದ ಕೋಟಿನ ವಿಷಯ ತಿಳಿದು, ಶಾಲೆ ಬಿಟ್ಟ ಮೇಲೆ ಮಗಳು ಬಂದಳು. ಒಬ್ಬಳೇ ಬಂದಳು, ಯಾವ ಷರತ್ತೂ ಇಲ್ಲದೆ ಬಂದಳು. ಕೋಟು ನೋಡಿ ಅವಳ ಮುಖ ಅರಳಿತು. “ಅಪ್ಪಾ, ಇದು ಹೊರಗೂ ಒಳಗೂ ಎಷ್ಟು ಚೆನ್ನಾಗಿದೆ!” ಎಂದಳು. ಮಾಸ್ತರು ಎಂಟು ವರ್ಷದಿಂದ ಕಾಯುತ್ತಿದ್ದ ಮಾತು ಅದು. ಪರದೆ ಎಳೆಯುವ ತಾಳ್ಮೆಯೂ ಇಲ್ಲದೆ ಅವಳು ಕನ್ನಡಿಯ ಮುಂದೆ ನಿಂತು ಒಂದು ತೋಳು ಹಾಕಿಕೊಂಡಳು. ಇನ್ನೊಂದು ತೋಳಿಗೆ ಕೈ ತೂರಿಸಲು ಹೋದಳು. ಅರ್ಧಕ್ಕೆ ನಿಂತಿತು.

“ಇರು, ಇರು,” ಎಂದು ಮಾಸ್ತರು ಹಿಂದಿನಿಂದ ಹಿಡಿದು ಎಳೆದರು. ಹೇಗೋ ಒಳಗೆ ಹೋಯಿತು. ಭುಜದ ಹತ್ತಿರ ಬಟ್ಟೆ ಬಿಗಿದು ಹೊಲಿಗೆ ಹಲ್ಲು ಕಿರಿಯಿತು. ತೋಳು ಮಣಿಕಟ್ಟಿಗಿಂತ ಎಷ್ಟೋ ಮೇಲೆ ನಿಂತಿತು. ಕಾಜಾಗಳು ಒಂದು ಕಡೆ, ಗುಂಡಿಗಳು ಒಂದು ಕಡೆ. ಮಾಸ್ತರ ಸಂಸಾರದ ಹಾಗೆಯೇ, ಎರಡೂ ಒಳ್ಳೆಯವೇ, ಸೇರುವುದು ಮಾತ್ರ ಇಲ್ಲ.

ಮಗಳು ನೆಟ್ಟಗೆ ನಿಂತಿದ್ದಳು. ಅವಳು ಇಷ್ಟು ಎತ್ತರ ಎಂಬುದನ್ನು ಮಾಸ್ತರು ನೋಡಿದ್ದು ಆಗಲೇ. ಕೋರ್ಟಿನಲ್ಲಿ ಅವಳು ಕುರ್ಚಿಯಲ್ಲಿದ್ದಳು. ಅಪ್ಪನ ಎದುರಿಗೇ ಅಪ್ಪನ ಮೇಲಿನ ದೂರು ಹೇಳಬೇಕಾದ ಮಗಳು ಎಷ್ಟು ಕುಗ್ಗಿ ಕೂರಬಹುದೋ ಅಷ್ಟು ಕುಗ್ಗಿ ಕೂತಿದ್ದಳು. ಮಾಸ್ತರ ಕಣ್ಣು ಅಳೆದುಕೊಂಡು ಬಂದದ್ದು ಆ ಕುಗ್ಗಿದವಳನ್ನು.

“ಸ್ವಲ್ಪ ಬಿಚ್ಚೋಕಾಗಲ್ವಾ ಅಪ್ಪ? ನೀನು ಯಾವಾಗ್ಲೂ ಒಳಗೆ ಬಿಟ್ಟಿರ್ತೀಯಲ್ಲ?”

ಮಾಸ್ತರು ಅಸ್ತರಿನ ಅಂಚನ್ನು ಬೆರಳಿನಲ್ಲಿ ಸವರಿದರು. ಅಲ್ಲಿ ಏನೂ ಇಲ್ಲವೆಂದು ಗೊತ್ತಿದ್ದೂ ಸವರಿದರು. “ಈ ಸಲ ಬಿಟ್ಟಿಲ್ಲ ಮಗಾ.”

ಇಬ್ಬರೂ ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡಿದರು. ಮಗಳಿಗೆ ನಗು ಬಂತೋ ಅಳು ಬಂತೋ, ಕೋಟು ಬಿಗಿದಿದ್ದರಿಂದ ಎರಡಕ್ಕೂ ಜಾಗವಿರಲಿಲ್ಲ. ಮೆಲ್ಲಗೆ ಬಿಚ್ಚಿ, ಇಸ್ತ್ರಿ ಕೆಡದಂತೆ ಹ್ಯಾಂಗರಿಗೆ ಹಾಕಿದಳು. “ಪರ್ವಾಗಿಲ್ಲ ಅಪ್ಪ. ಅಮ್ಮ ಒಂದು ನೋಡಿಟ್ಟಿದಾಳೆ. ಅಂಗಡಿ ಮುಚ್ಚೋದ್ರೊಳಗೆ ಹೋದ್ರೆ ಸಿಗುತ್ತೆ.”

“ಅಳತೆ ತಗೊಳ್ಲಾ?” ಮಾಸ್ತರು ಟೇಪನ್ನು ಕುತ್ತಿಗೆಯಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. “ಇನ್ನೊಂದು ಹೊಲೀತೀನಿ. ನಿನಗೆ ಹೇಗೆ ಬೇಕೋ ಹಾಗೆ. ಎಷ್ಟು ಉದ್ದ ಬೇಕು, ಕಾಲರು ಹೇಗಿರ್ಬೇಕು, ಎಲ್ಲಾ ನೀನೇ ಹೇಳು.”

ಮಗಳು ಬಾಗಿಲಿನಾಚೆ ನೋಡಿದಳು, ಟೇಪು ನೋಡಿದಳು. “ಈಗ ತಡ ಆಗುತ್ತೆ ಅಪ್ಪ. ಇನ್ನೊಂದ್ಸಲ ಬರ್ತೀನಿ. ಮುಂದಿನ ವರ್ಷ ಕಾಲೇಜು ಶುರುವಾಗೋ ಮುಂಚೆ.”

“ಆಗ್ಲಿ. ಯಾವಾಗ ಬೇಕಾದ್ರೂ ಬಾ.”

ಅವಳು ಬ್ಯಾಗು ಹೆಗಲಿಗೇರಿಸಿ ಓಡುತ್ತ ಹೋದಳು. ಮುಂದಿನ ವರ್ಷ ಎಂಬ ಮಾತನ್ನು ಹೇಳುವುದು ಎಷ್ಟು ಸುಲಭ, ಕೇಳಿಸಿಕೊಂಡು ನಿಲ್ಲುವುದು ಎಷ್ಟು ಕಷ್ಟ ಎಂಬುದು ಮಾಸ್ತರಿಗೆ ಆ ವಯಸ್ಸಿನಲ್ಲಿ ತಿಳಿಯಿತು. ಹೆಂಡತಿ ಅದನ್ನು ಅಷ್ಟು ವರ್ಷ ಹೇಗೆ ಕೇಳಿಸಿಕೊಂಡಿದ್ದರೋ.

ಎಷ್ಟು ಕಡಿಮೆಯಾಯಿತು ಎಂದು ಕಾಜಾ ಮಾಮ ಕೇಳಲಿಲ್ಲ. ಕೇಳಿದ್ದರೆ ಉತ್ತರ ಹೇಳಲು ಮಾಸ್ತರಿಗೆ ನಾಚಿಕೆಯಾಗುತ್ತಿತ್ತು. ಕೋಟನ್ನು ಮತ್ತೆ ಇಳಿಸಿ, ಒಳಮೈ ಹೊರಗೆ ಮಾಡಿ ಮೇಜಿನ ಮೇಲೆ ಹರಡಿ ನೋಡಿದರು. ಎಲ್ಲಾದರೂ ಒಂದಿಷ್ಟು ಸಿಕ್ಕೀತೇ? ಸಿಗಲಿಲ್ಲ. ಕತ್ತರಿಸಿ ಹಾಕಿದ ಬಟ್ಟೆಗಾಗಿ ಕೆಳಗೆ ಬಗ್ಗಿ ಚೂರುಗಳ ಡಬ್ಬದಲ್ಲಿ ಕೈಯಾಡಿಸಿದರು.

“ಅಲ್ಲಿಲ್ಲ,” ಎಂದ ಕಾಜಾ ಮಾಮ. “ನಾನು ತಗೊಂಡೆ. ಅವಳು ಬರ್ತಾಳೆ, ಕೂತ್ಕೋತಾಳೆ ಅಂತ...”

ಸ್ಟೂಲಿನ ಗಿಡ್ಡ ಕಾಲಿನ ಕೆಳಗೆ, ನಾಲ್ಕು ಮಡಿಕೆ ಮಡಿಸಿ, ಆ ಕರಿ ಬಟ್ಟೆಯ ಪಟ್ಟಿಯನ್ನು ಇಟ್ಟಿದ್ದ. ಮಗಳು ಕೂರಲೇ ಇಲ್ಲ.

ಮಾಸ್ತರು ಹೋಗಿ ಅದರ ಮೇಲೆ ಕೂತರು. ಅಭ್ಯಾಸಬಲದಿಂದ ಒಂದು ಪಕ್ಕಕ್ಕೆ ಸ್ವಲ್ಪ ವಾಲಿ, ತೂಗುವುದಕ್ಕೆ ಕಾದರು. ಸ್ಟೂಲು ಅಲುಗಾಡಲಿಲ್ಲ.